ಬೇಯಿಸಿದ ಗೆಣಸು: ಮಾವನವರಿಗೆ ಶುಗರ್ ಇದೆ, ಕೊಡಬಹುದಾ? ಅದರಲ್ಲಿ ನಿಜಕ್ಕೂ ಏನಿದೆ?

ಮಂಡ್ಯದ ಸೊಸೆ

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿಗೆ ಅಂತ ತಂದ ಗೆಣಸು ಮನೆಯಲ್ಲಿ ಇನ್ನೂ ಮೂರು ಕೆಜಿ ಇದೆ. ಹಬ್ಬದ ದಿನ ಅವರೆಕಾಯಿ, ಕಡಲೆಕಾಯಿ ಜೊತೆ ಬೇಯಿಸಿ ತಿಂದಾಯಿತು. ಉಳಿದದ್ದು ಅಡುಗೆಮನೆ ಮೂಲೆಯ ಬುಟ್ಟಿಯಲ್ಲಿದೆ. ಮಾವ ನೀರು ಕುಡಿಯಲು ಬಂದಾಗಲೆಲ್ಲ ಆ ಬುಟ್ಟಿ ಕಡೆ ಒಂದು ಸಲ ನೋಡಿ ಹೋಗುತ್ತಾರೆ.

ಅವರಿಗೆ 68 ವರ್ಷ. ಎಂಟು ವರ್ಷದಿಂದ ಶುಗರ್ ಇದೆ. ಮಾತ್ರೆ ತಗೊಳ್ಳುತ್ತಾರೆ, ಇನ್ಸುಲಿನ್ ಇಲ್ಲ. ಗೆಣಸು ಅಂದರೆ ಅವರಿಗೆ ಪ್ರಾಣ. ನಾನು ಕೊಡುವುದಿಲ್ಲ. ಬಾಯಿಗಿಟ್ಟರೆ ಅಷ್ಟು ಸಿಹಿ, ಹೇಗೆ ಧೈರ್ಯ ಮಾಡಲಿ? ಮೊನ್ನೆ ನಾದಿನಿ ವಾಟ್ಸಾಪ್‌ನಲ್ಲಿ ಒಂದು ಚಾರ್ಟ್ ಕಳಿಸಿದಳು. ಒಂದು ಗೆಣಸು ತಿಂದರೆ ಇಡೀ ದಿನಕ್ಕೆ ಬೇಕಾದ ವಿಟಮಿನ್ ಎ ಸಿಗುತ್ತದೆ, ಶುಗರ್ ಇರುವವರಿಗೆ ತುಂಬಾ ಒಳ್ಳೆಯದು ಅಂತ ಅದರಲ್ಲಿದೆ. ಪಕ್ಕದ ಮನೆ ಆಂಟಿ ಮಾತ್ರ ಮುಟ್ಟಲೇಬೇಡಿ ಅನ್ನುತ್ತಾರೆ. ಯಾರನ್ನ ನಂಬಲಿ?

ನಾನು ಬೆಲ್ಲ, ಹಾಲು ಏನೂ ಹಾಕುವುದಿಲ್ಲ. ಸುಮ್ನೆ ನೀರಲ್ಲಿ ಬೇಯಿಸಿ, ಚಿಟಿಕೆ ಉಪ್ಪು, ಅಷ್ಟೇ. ಗೊತ್ತಿರುವವರು ದಯವಿಟ್ಟು ಹೇಳಿ.

ದಾವಣಗೆರೆ ಕಸರತ್ತು

ಅಕ್ಕಾ, ಧೈರ್ಯವಾಗಿ ಕೊಡಿ. ನಾನು ಎರಡು ವರ್ಷದಿಂದ ಬೆಳಿಗ್ಗೆ 200 ಗ್ರಾಂ ಬೇಯಿಸಿದ ಗೆಣಸು, ಮೂರು ಮೊಟ್ಟೆ ತಿಂದು ಕಸರತ್ತಿಗೆ ಹೋಗುತ್ತೇನೆ. ಮಧ್ಯಾಹ್ನದ ತನಕ ಹಸಿವು ತಲೆಗೇರುವುದಿಲ್ಲ. ಮೊದಲು ದೋಸೆ ತಿಂದು ಹೋಗುತ್ತಿದ್ದೆ, ಹನ್ನೊಂದು ಗಂಟೆಗೆಲ್ಲ ಕೈ ನಡುಗುತ್ತಿತ್ತು. ಗೆಣಸು ಅಪ್ಪಟ ಶಕ್ತಿ. ಪ್ರೋಟೀನ್ ಕೂಡ ಚೆನ್ನಾಗಿದೆ ಅಂತ ಕೇಳಿದ್ದೇನೆ.

ಪಥ್ಯದ ಬುತ್ತಿ

ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಆಹಾರ ಸಲಹೆ ಕೊಡುವ ಕೆಲಸ ನನ್ನದು. ಈ ಪ್ರಶ್ನೆ ಸಂಕ್ರಾಂತಿ ಆದ ಮೇಲೆ ಒಂದು ಸಲ, ಶಿವರಾತ್ರಿ ಹತ್ತಿರ ಬಂದಾಗ ಇನ್ನೊಂದು ಸಲ ತಪ್ಪದೆ ಬರುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಲೆಕ್ಕ. ಸಿಪ್ಪೆ ತೆಗೆದು ನೀರಲ್ಲಿ ಬೇಯಿಸಿದ 100 ಗ್ರಾಂ ಗೆಣಸಿನಲ್ಲಿ ಸುಮಾರು 76 ಕ್ಯಾಲೊರಿ ಇರುತ್ತದೆ. ಪಿಷ್ಟ, ಸಕ್ಕರೆ, ನಾರು ಎಲ್ಲ ಸೇರಿ ಕಾರ್ಬೋಹೈಡ್ರೇಟ್ 17ರಿಂದ 18 ಗ್ರಾಂ. ಅದರಲ್ಲಿ ಸಕ್ಕರೆ 5ರಿಂದ 6 ಗ್ರಾಂ, ನಾರು ಎರಡೂವರೆ ಗ್ರಾಂ. ಪ್ರೋಟೀನ್ ಒಂದೂಕಾಲು, ಒಂದೂವರೆ ಗ್ರಾಂ ಅಷ್ಟೇ. ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಪೊಟ್ಯಾಸಿಯಂ 230 ಮಿಲಿಗ್ರಾಂ, ವಿಟಮಿನ್ ಸಿ 12ರಿಂದ 13 ಮಿಲಿಗ್ರಾಂ.

ಅನ್ನಕ್ಕೆ ಹೋಲಿಸಿ ನೋಡಿ. ಬೆಂದ ಬಿಳಿ ಅನ್ನ 100 ಗ್ರಾಂಗೆ 130 ಕ್ಯಾಲೊರಿ, ಕಾರ್ಬೋಹೈಡ್ರೇಟ್ 28 ಗ್ರಾಂ, ನಾರು ಅರ್ಧ ಗ್ರಾಂ ಕೂಡ ಇಲ್ಲ. ತೂಕಕ್ಕೆ ತೂಕ ಇಟ್ಟರೆ ಗೆಣಸೇ ಮೇಲು. ನಾರೂ ಹೆಚ್ಚು, ನೀರಿನ ಅಂಶವೂ ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ.

ದಾವಣಗೆರೆ ತಮ್ಮಾ, ಪ್ರೋಟೀನ್ ಕೊಡುತ್ತಿರುವುದು ನಿಮ್ಮ ಮೂರು ಮೊಟ್ಟೆ, ಗೆಣಸಲ್ಲ. ಮೊಟ್ಟೆ ಬಿಟ್ಟು ಬರೀ ಗೆಣಸು ತಿಂದರೆ ಆ ಊಟಕ್ಕೆ ಒಂದು ಕಾಲೇ ಇರುವುದಿಲ್ಲ.

ಇನ್ನು ನಿಮ್ಮ ನಾದಿನಿಯ ಚಾರ್ಟ್. ಅದರಲ್ಲಿರುವುದು ಸುಳ್ಳಲ್ಲ, ಆದರೆ ಅದು ನಿಮ್ಮ ಬುಟ್ಟಿಯಲ್ಲಿರುವ ಗೆಣಸಿನ ಲೆಕ್ಕ ಅಲ್ಲ. ಆ ಅಂಕಿ ಒಳಗೆ ಕ್ಯಾರೆಟ್ ಥರ ಕೇಸರಿ ಬಣ್ಣ ಇರುವ ಗೆಣಸಿನದು. ಅಮೆರಿಕದ ಪಟ್ಟಿಗಳಲ್ಲಿ ಬರುವುದು ಅದೇ. ಅದರಲ್ಲಿ 100 ಗ್ರಾಂಗೆ ಸುಮಾರು 790 ಮೈಕ್ರೋಗ್ರಾಂ ವಿಟಮಿನ್ ಎ ಆಗುವಷ್ಟು ಬೀಟಾ ಕ್ಯಾರೊಟಿನ್ ಇರುತ್ತದೆ. ನಮ್ಮ ದೇಶದ ಶಿಫಾರಸಿನಲ್ಲಿ ಹೆಂಗಸರಿಗೆ ದಿನಕ್ಕೆ 840, ಗಂಡಸರಿಗೆ 1000 ಮೈಕ್ರೋಗ್ರಾಂ ಬೇಕು. ಹಾಗಾಗಿ ಒಂದು ದೊಡ್ಡ ಗೆಣಸು ತಿಂದರೆ ದಿನದ ಬಾಬ್ತು ಮುಗಿಯಿತು ಅನ್ನುವುದು ಆ ಗೆಣಸಿಗೆ ನಿಜ.

ಮಂಡ್ಯ, ಮೈಸೂರು ಸಂತೆಯಲ್ಲಿ ಸಿಗುವುದು ಸಾಮಾನ್ಯವಾಗಿ ಒಳಗೆ ಬಿಳಿ ಅಥವಾ ಕೆನೆ ಬಣ್ಣದ್ದು. ಅದರಲ್ಲಿ ಬೀಟಾ ಕ್ಯಾರೊಟಿನ್ ತೀರಾ ಕಡಿಮೆ. ಸಿಪ್ಪೆ ಕೆಂಪಗಿದೆ ಅಂತ ಮೋಸ ಹೋಗಬೇಡಿ. ನೋಡಬೇಕಾದ್ದು ಮುರಿದಾಗ ಕಾಣುವ ತಿರುಳಿನ ಬಣ್ಣ. ಬಿಳಿ ಗೆಣಸಿನಲ್ಲಿ ನಾರು ಇದೆ, ಪೊಟ್ಯಾಸಿಯಂ ಇದೆ, ಹೊಟ್ಟೆ ತುಂಬಿಸುವ ಗುಣ ಇದೆ. ಕಣ್ಣಿಗೆ ಒಳ್ಳೆಯದು ಅನ್ನುವ ಮಾತು ಮಾತ್ರ ಅದಕ್ಕೆ ಸಲ್ಲುವುದಿಲ್ಲ.

ಶುಗರ್ ವಿಷಯ ಬೇಯಿಸುವ ಬಗೆ, ಪ್ರಮಾಣ ಎರಡರ ಮೇಲೂ ನಿಂತಿದೆ. ನೀವು ಹೇಗೆ ಬೇಯಿಸುತ್ತೀರಿ ಅಂತ ಸರಿಯಾಗಿ ಹೇಳಿ, ಆಮೇಲೆ ಬರೆಯುತ್ತೇನೆ.

ನ್ಯೂಜೆರ್ಸಿ ಕನ್ನಡತಿ

ಪಥ್ಯದ ಬುತ್ತಿ ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿಗೆ ಬಂದ ಹೊಸದರಲ್ಲಿ ಸಂಕ್ರಾಂತಿಗೆ ಅಂತ ಅಂಗಡಿಯಿಂದ ತಂದೆ. ಬೇಯಿಸಿ ಸಿಪ್ಪೆ ಸುಲಿದರೆ ಒಳಗೆ ಕುಂಬಳಕಾಯಿ ಬಣ್ಣ. ಬಾಯಿಗಿಟ್ಟರೆ ಮೆತ್ತಗೆ, ನೀರು ನೀರು. ಅಮ್ಮ ಆಗ ಇಲ್ಲೇ ಇದ್ದರು. ಒಂದು ತುಂಡು ತಿಂದು, "ಇದು ಗೆಣಸಲ್ಲ ಕಣೇ, ಕುಂಬಳಕಾಯಿ" ಅಂದರು. ಅದನ್ನೇ ಇಲ್ಲಿ ಎಷ್ಟೋ ಅಂಗಡಿಗಳಲ್ಲಿ 'ಯಾಮ್' ಅಂತ ಚೀಟಿ ಅಂಟಿಸಿ ಮಾರುತ್ತಾರೆ. ನಿಜವಾದ ಯಾಮ್ ಬೇರೆಯೇ ಗಡ್ಡೆ.

ಆಮೇಲೆ ಕೊರಿಯಾದವರ ಅಂಗಡಿಯಲ್ಲಿ ನೇರಳೆಗೆಂಪು ಸಿಪ್ಪೆಯ ಗೆಣಸು ಸಿಕ್ಕಿತು. ಒಳಗೆ ಕೆನೆ ಬಣ್ಣ, ಬೆಂದರೆ ಹಿಟ್ಟು ಹಿಟ್ಟಾಗಿ ಉದುರುತ್ತದೆ. ಅಮ್ಮನ ಮುಖ ಅರಳಿತು. ಈಗ ಮಕ್ಕಳಿಗೆ ಕೇಸರಿ, ನಮಗೆ ಕೆನೆ ಬಣ್ಣದ್ದು ಅಂತ ಎರಡೂ ತರುತ್ತೇನೆ.

ಮಂಡ್ಯದ ಸೊಸೆ

ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಈಗ ತಾನೇ ಒಂದು ಗೆಣಸು ಮುರಿದು ನೋಡಿದೆ. ಸಿಪ್ಪೆ ಕೆಂಪು, ಒಳಗೆ ಅಚ್ಚ ಬಿಳಿ. ಮುರಿದ ಕಡೆ ಹಾಲಿನಂಥ ಅಂಟು ಬಂತು.

ನಾನು ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸುತ್ತೇನೆ. ಮಾವ ಹೇಳುವುದು ಬೇರೆ. ಅವರ ಕಾಲದಲ್ಲಿ ಬಚ್ಚಲ ಒಲೆಯಲ್ಲಿ ನೀರು ಕಾದ ಮೇಲೆ, ಉರಿ ಆರಿದ ಬೂದಿಯಲ್ಲಿ ಗೆಣಸು ಹೂತಿಡುತ್ತಿದ್ದರಂತೆ. ಸ್ನಾನ ಮುಗಿಸಿ, ಸಂಜೆ ದನ ಕಟ್ಟಿ ಬರುವ ಹೊತ್ತಿಗೆ ಸಿಪ್ಪೆ ಕರಿಕಾಗಿ, ತುದಿಯಲ್ಲಿ ಜೇನಿನ ಥರ ರಸ ಒಸರಿ ಗಟ್ಟಿಯಾಗಿರುತ್ತಿತ್ತಂತೆ. ಎಣ್ಣೆ ಇಲ್ಲ, ನೀರಿಲ್ಲ, ಅದೇ ಆರೋಗ್ಯಕ್ಕೆ ಒಳ್ಳೆಯದು ಅಂತ ಅವರ ವಾದ. ಹೌದಾ?

ಪಥ್ಯದ ಬುತ್ತಿ

ರುಚಿಗೆ ಹೌದು. ಶುಗರ್‌ಗೆ ಅಲ್ಲ. ಅವರು ನೋಡಿದ ಆ ಜೇನಿನಂಥ ರಸದಲ್ಲೇ ಉತ್ತರ ಇದೆ.

ಗೆಣಸಿನಲ್ಲಿ ಪಿಷ್ಟದ ಜೊತೆಗೆ ಅಮೈಲೇಸ್ ಅನ್ನುವ ಕಿಣ್ವವೂ ಇರುತ್ತದೆ. ಗಡ್ಡೆಯ ಒಳಗೆ ಶಾಖ 60 ಡಿಗ್ರಿ ದಾಟಿದಾಗ ಪಿಷ್ಟ ಸಡಿಲವಾಗುತ್ತದೆ. ಆಗ ಈ ಕಿಣ್ವ ಅದನ್ನು ಒಡೆದು ಮಾಲ್ಟೋಸ್ ಅನ್ನುವ ಸಕ್ಕರೆ ಮಾಡುತ್ತಾ ಹೋಗುತ್ತದೆ. ಶಾಖ 75-80 ಡಿಗ್ರಿ ದಾಟಿದರೆ ಕಿಣ್ವ ಸಾಯುತ್ತದೆ, ಕೆಲಸ ನಿಲ್ಲುತ್ತದೆ. ಬೂದಿಯಲ್ಲಿ ಹೂತ ಗೆಣಸು ಈ ನಡುವಿನ ಶಾಖದಲ್ಲೇ ಎಷ್ಟೋ ಹೊತ್ತು ಇರುತ್ತದೆ. ಕಿಣ್ವಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ನೀರೂ ಆರಿ ಸಿಹಿ ಗಟ್ಟಿಯಾಗುತ್ತದೆ. ಕುಕ್ಕರಿನಲ್ಲಿ ಶಾಖ ಸರ್ರನೆ ಏರುತ್ತದೆ, ಕಿಣ್ವಕ್ಕೆ ಪುರುಸೊತ್ತೇ ಇಲ್ಲ. ಅದಕ್ಕೇ ಕುಕ್ಕರ್ ಗೆಣಸು ಸಪ್ಪೆ, ಸುಟ್ಟ ಗೆಣಸು ಬೆಲ್ಲ.

ಜಮೈಕಾದಲ್ಲಿ ಹತ್ತು ತಳಿಯ ಗೆಣಸಿನ ಮೇಲೆ ಮಾಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತದೆ ಅನ್ನುವ ಗ್ಲೈಸಿಮಿಕ್ ಸೂಚ್ಯಂಕ ಅಂತ ಒಂದು ಅಳತೆ ಇದೆ. 55ರವರೆಗೆ ಕಡಿಮೆ, 70 ಮತ್ತು ಅದಕ್ಕಿಂತ ಮೇಲಿದ್ದರೆ ಜಾಸ್ತಿ. ನೀರಲ್ಲಿ ಬೇಯಿಸಿದ ಗೆಣಸು 41ರಿಂದ 50ರ ಒಳಗೇ ಇತ್ತು. ಕೆಂಡದಲ್ಲಿ ಸುಟ್ಟದ್ದು, ಓವನ್‌ನಲ್ಲಿ ಬೇಯಿಸಿದ್ದು 79ರಿಂದ 94ರ ತನಕ ಹೋಯಿತು. ಅವೇ ತಳಿಗಳು, ಬೇಯಿಸುವ ಬಗೆ ಬೇರೆಯಾದಾಗ ಇಷ್ಟು ವ್ಯತ್ಯಾಸ. ನಮ್ಮ ತಳಿಗೂ ಇದೇ ಅಂಕಿ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೂ ನಿಮ್ಮ ಮಾವನವರಿಗೆ ಬೂದಿ ಗೆಣಸು ಬೇಡ, ನೀರಲ್ಲಿ ಬೆಂದದ್ದೇ ಸಾಕು.

ಇನ್ನೂ ಎರಡು ಮಾತು. ಇಡೀ ಗಡ್ಡೆಯನ್ನೇ ಸಿಪ್ಪೆ ಸಮೇತ ಬೇಯಿಸಿ, ಆಮೇಲೆ ಸುಲಿಯಿರಿ. ಮೊದಲೇ ಕತ್ತರಿಸಿದರೆ ವಿಟಮಿನ್ ಸಿ, ಪೊಟ್ಯಾಸಿಯಂ ನೀರಿಗೆ ಇಳಿದು ಹೋಗುತ್ತದೆ. ತಣ್ಣಗಾದ ಮೇಲೆ ತಿಂದರೆ ಪಿಷ್ಟದ ಒಂದಿಷ್ಟು ಭಾಗ ಬೇಗ ಜೀರ್ಣವಾಗದ ರೂಪಕ್ಕೆ ತಿರುಗಿರುತ್ತದೆ. ಅದು ಸಣ್ಣ ಲಾಭ, ಅದನ್ನೇ ನಂಬಿ ಎರಡು ಪಾಲು ತಿನ್ನುವಂತಿಲ್ಲ.

ಖಾನಾಪುರದ ಹೊಲ

ನಮಸ್ಕಾರ್ರೀ. ನಾವು ಗೆಣಸು ಬೆಳೆಯುವವರು. ನಮ್ಮ ಸೀಮೆಯಲ್ಲಿ ಮರಾಠಿ ಮಾತಾಡುವವರು ರತಾಳಿ ಅನ್ನುತ್ತಾರೆ. ಜೂನ್-ಜುಲೈ ಮಳೆಗೆ ಬಳ್ಳಿ ತುಂಡು ನೆಡುತ್ತೇವೆ, ದಸರೆ-ದೀಪಾವಳಿ ಹೊತ್ತಿಗೆ ಅಗೆಯುತ್ತೇವೆ. ಬೆಳಗಾವಿ ಮಾರುಕಟ್ಟೆಯಿಂದ ಲಾರಿ ಹತ್ತಿ ಉತ್ತರದ ಊರುಗಳಿಗೆ ಹೋಗುತ್ತದೆ.

ಕೊಳ್ಳುವವರಿಗೆ ಮೂರು ಮಾತು ಹೇಳಬೇಕು ಅನಿಸಿತು.

ಅಗೆದ ದಿನವೇ ಬೇಯಿಸಿದರೆ ಗೆಣಸು ಅಷ್ಟು ಸಿಹಿ ಇರುವುದಿಲ್ಲ. ಎಂಟು-ಹತ್ತು ದಿನ ನೆರಳಿನಲ್ಲಿ ಗಾಳಿಗೆ ಬಿಟ್ಟರೆ ತಾನೇ ಸಿಹಿ ಏರುತ್ತದೆ. ಶುಗರ್ ಇರುವವರು ಇದನ್ನೂ ನೆನಪಿಡಿ, ಮೂಲೆಯಲ್ಲಿ ಕೂತ ಹಳೆಯ ಗೆಣಸು ಹೊಸದಕ್ಕಿಂತ ಸಿಹಿ.

ಫ್ರಿಜ್ಜಿನಲ್ಲಿ ಹಸಿ ಗೆಣಸು ಇಡಲೇಬೇಡಿ. ಅದು ಬೆಚ್ಚನೆ ನಾಡಿನ ಗಡ್ಡೆ, ಚಳಿ ತಡೆಯುವುದಿಲ್ಲ. ಒಳಗೆ ಗಂಟು ಕಟ್ಟಿ, ಎಷ್ಟು ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗೆಣಸಿನ ಮೇಲೆ ಸೂಜಿ ಚುಚ್ಚಿದಂಥ ತೂತು ಇದ್ದು, ಕತ್ತರಿಸಿದಾಗ ಒಳಗೆ ಕಪ್ಪು ದಾರಿ ಕಂಡರೆ ಅದು ಮೂತಿಹುಳ ಕೊರೆದದ್ದು. ಅದರ ಮರಿ ಒಳಗೇ ತಿನ್ನುತ್ತಾ ಬೆಳೆಯುತ್ತದೆ. ಅಂಥ ಗೆಣಸು ಕಹಿ, ನಾತ ಬೇರೆ. ನಮ್ಮ ಅಪ್ಪ ಅದನ್ನು ದನಕ್ಕೂ ಹಾಕಲು ಬಿಡುತ್ತಿರಲಿಲ್ಲ. ಹೋದ ವರ್ಷ ಒಬ್ಬ ವ್ಯಾಪಾರಿ ನನ್ನ ಒಳ್ಳೆಯ ಮಾಲಿನ ಜೊತೆ ಹುಳ ಬಿದ್ದದ್ದನ್ನು ಬೆರೆಸಿ ಮಾರಿದ, ಹೆಸರು ಕೆಟ್ಟದ್ದು ನನ್ನದು. ಇವತ್ತಿಗೂ ಆ ನೋವಿದೆ.

ಪಥ್ಯದ ಬುತ್ತಿ

ಅಣ್ಣಾ, ನಿಮ್ಮ ತಂದೆ ಮಾಡಿದ್ದು ಸರಿ. ಹುಳ ಕೊರೆದಾಗ, ಕೊಳೆ ಹತ್ತಿದಾಗ ಗಡ್ಡೆ ತನ್ನ ರಕ್ಷಣೆಗೆ ಕಹಿ ಪದಾರ್ಥ ಹುಟ್ಟಿಸಿಕೊಳ್ಳುತ್ತದೆ. ಅದು ವಿಷ, ದನಗಳ ಶ್ವಾಸಕೋಶಕ್ಕೂ ತೊಂದರೆ ಮಾಡಿದ್ದುಂಟು. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಆಸೆಗೆ ಅರ್ಧ ಕತ್ತರಿಸಿ ಉಳಿಸಿಕೊಳ್ಳುವುದು ಬೇಡ, ಕಹಿ ಅನಿಸಿದರೆ ಇಡೀ ಗಡ್ಡೆ ಎಸೆಯಿರಿ.

ಉಡುಪಿ ಅಡುಗೆಮನೆ

ನಮ್ಮ ತುಳುವಿನಲ್ಲಿ ಇದು ಕೆರೆಂಗ್, ಕೊಂಕಣಿಯವರಿಗೆ ಕಣಂಗ. ಅಜ್ಜಿ ಸಂಜೆ ಇಡ್ಲಿ ಅಟ್ಟದಲ್ಲಿ ಹಬೆಗೆ ಇಡುತ್ತಿದ್ದರು. ನೀರಿಗೆ ಮುಳುಗಿಸಿದರೆ ಸತ್ವ ನೀರಿಗೆ ಹೋಯಿತು ಅಂತ ಅವರ ಲೆಕ್ಕ. ಬೆಂದ ಮೇಲೆ ಬಿಲ್ಲೆ ಮಾಡಿ, ಹಸಿ ತೆಂಗಿನ ತುರಿ ಉದುರಿಸಿ ಕೊಡುತ್ತಿದ್ದರು. ಬಿಸಿ ಬಿಲ್ಲೆಗೆ ತುರಿ ತಾಗಿ ಒಂದು ಪರಿಮಳ ಬರುತ್ತದಲ್ಲ, ಅದಕ್ಕೆ ಕಾದು ಕೂರುತ್ತಿದ್ದೆವು.

ಕೇಳಬೇಕಿದ್ದದ್ದು ಇಷ್ಟೇ. ತೆಂಗಿನಕಾಯಿ ಸೇರಿದರೆ ಕೊಬ್ಬು ಜಾಸ್ತಿ ಆಗುತ್ತದೆ, ಬರೀ ಗೆಣಸೇ ಒಳ್ಳೆಯದು ಅಂತ ಮಗಳು ಅನ್ನುತ್ತಾಳೆ. ಹೌದಾ?

ಪಥ್ಯದ ಬುತ್ತಿ

ಒಂದೆರಡು ಚಮಚ ತುರಿಗೆ ಹೆದರಬೇಡಿ ಅಕ್ಕ. ಕೇಸರಿ ಗೆಣಸಾದರೆ ಸ್ವಲ್ಪ ಕೊಬ್ಬು ಬೇಕೇ ಬೇಕು. ಬೀಟಾ ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥದ್ದು. ಬರೀ ಗೆಣಸು ತಿಂದರೆ ಅದರ ಹೆಚ್ಚು ಪಾಲು ಹಾಗೇ ಹೊರಗೆ ಹೋಗುತ್ತದೆ. ತುರಿಯೋ, ಅರ್ಧ ಚಮಚ ತುಪ್ಪವೋ, ಒಂದು ಹಿಡಿ ಕಡಲೆಬೀಜವೋ ಜೊತೆಗಿದ್ದರೆ ಸಾಕು. ಬಿಳಿ ಗೆಣಸಿಗೂ ಲಾಭ ಇದೆ, ಕೊಬ್ಬು ಇದ್ದರೆ ಊಟ ಹೊಟ್ಟೆಯಿಂದ ನಿಧಾನ ಇಳಿಯುತ್ತದೆ. ಹಬೆಯ ವಿಷಯದಲ್ಲಿ ಅಜ್ಜಿ ಹೇಳಿದ್ದೂ ಸರಿ.

ಪುಟ್ಟಿಯ ಅಮ್ಮ

ಮಗಳಿಗೆ ಏಳು ತಿಂಗಳು. ಕೊಡಬಹುದಾ ಮೇಡಂ?

ಪಥ್ಯದ ಬುತ್ತಿ

ಆರು ತಿಂಗಳು ತುಂಬಿದ ಮೇಲೆ ಕೊಡಬಹುದು. ಚೆನ್ನಾಗಿ ಬೇಯಿಸಿ, ನಾರೆಳೆ ಇಲ್ಲದಂತೆ ನುಣ್ಣಗೆ ಮಸೆದು, ಒಂದು ಹನಿ ತುಪ್ಪ. ಉಪ್ಪು, ಸಕ್ಕರೆ ಬೇಡ. ಕೇಸರಿ ಸಿಕ್ಕರೆ ಅದೇ ಕೊಡಿ. ಮೊದಲ ದಿನ ಎರಡು ಚಮಚ ಸಾಕು, ಹೊಟ್ಟೆ ಉಬ್ಬರ ಆಗುತ್ತದಾ ನೋಡಿಕೊಳ್ಳಿ.

ಶಿರಸಿ ಅಡಿಕೆ ತೋಟ

ಒಂದು ಎಚ್ಚರಿಕೆ. ಗೆಣಸು ಅಂದಾಗ ಕೆಲವರು ಮರಗೆಣಸನ್ನೂ ಸೇರಿಸಿಕೊಳ್ಳುತ್ತಾರೆ. ಅದು ಬೇರೆ ಗಿಡ, ಬೇರೆ ಲೆಕ್ಕ. ಮರಗೆಣಸಿನಲ್ಲಿ ಪಿಷ್ಟ ಇದರ ಸುಮಾರು ಎರಡರಷ್ಟು. ಹಸಿಯಲ್ಲಿ ಸಯನೈಡ್ ಆಗುವ ಅಂಶ ಇರುತ್ತದೆ. ಸಿಪ್ಪೆ ಪೂರ್ತಿ ತೆಗೆದು, ತುಂಡು ಮಾಡಿ, ಮುಚ್ಚಳ ತೆರೆದು ಬೇಯಿಸಿ ಆ ನೀರು ಚೆಲ್ಲಬೇಕು. ಇಲ್ಲಿ ಹೇಳಿದ ಅಂಕಿಗಳನ್ನು ಅದಕ್ಕೆ ಅಂಟಿಸಬೇಡಿ. ನಮ್ಮ ಜಿಲ್ಲೆಯ ಜೋಯಿಡಾದಲ್ಲಿ ಗಡ್ಡೆ ಗೆಣಸಿನ ಮೇಳ ನಡೆಯುತ್ತದೆ. ಕುಣಬಿ ಜನ ಬೆಳೆದು ತಂದ ಗಡ್ಡೆಗಳ ಸಾಲು ನೋಡಿದರೆ ಗೆಣಸು ಅನ್ನುವ ಒಂದು ಪದದ ಒಳಗೆ ಎಷ್ಟು ಬಗೆ ಇವೆ ಅಂತ ಗೊತ್ತಾಗುತ್ತದೆ.

ಮೇಷ್ಟ್ರು, ತುಮಕೂರು

ಶಿರಸಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಗೆಣಸು ನಮ್ಮ ಹಳೆಯ ಪದ. ತಮಿಳು, ಮಲಯಾಳದ ಕಿಳಂಗು, ನಮ್ಮ ಗೆಣಸು ಒಂದೇ ಬೇರಿನವು. ಆದರೆ ಇವತ್ತು ನಾವು ಗೆಣಸು ಅನ್ನುವ ಈ ಬಳ್ಳಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಇಲ್ಲಿಗೆ ತಂದವರು ಪೋರ್ಚುಗೀಸರು. ಕಾಡುಗೆಣಸಿಗೆ ಇದ್ದ ಹೆಸರನ್ನು ನಮ್ಮ ಜನ ಈ ಹೊಸ ಬಳ್ಳಿಗೂ ಕೊಟ್ಟು ಒಳಗೆ ಕರೆದುಕೊಂಡರು. ಈಗ ಅದಿಲ್ಲದೆ ಸಂಕ್ರಾಂತಿ ಇಲ್ಲ, ಶಿವರಾತ್ರಿ ಫಲಾಹಾರ ಇಲ್ಲ. ಆಲೂಗಡ್ಡೆಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಆಲೂ ಬದನೆಯ ಬಳಗ, ಗೆಣಸು ಬೇಲಿ ಮೇಲೆ ನೀಲಿ ಹೂ ಬಿಡುವ ಬಳ್ಳಿಗಳ ಬಳಗ.

ನಾನು ಹುಡುಗನಾಗಿದ್ದಾಗ ಮಳೆ ಕೈಕೊಟ್ಟ ವರ್ಷ ಎರಡು ಹೊತ್ತೂ ಗೆಣಸೇ ಊಟ. ಬೇಯಿಸಿದ ಗೆಣಸು, ಹಸಿಮೆಣಸಿನಕಾಯಿ, ಉಪ್ಪು. ಶಾಲೆಗೆ ಚಡ್ಡಿ ಜೇಬಿನಲ್ಲಿ ಎರಡು ಗೆಣಸು ಇಟ್ಟು ಕಳಿಸುತ್ತಿದ್ದರು. ಅನ್ನ ತರುವ ಹುಡುಗರ ಎದುರು ಅದನ್ನು ತೆಗೆಯಲು ನಾಚಿಕೆ ಆಗುತ್ತಿತ್ತು. ಬಡವರ ಊಟ ಅಂತ ಆ ನಾಚಿಕೆ. ಎಷ್ಟೋ ಮನೆಗಳಲ್ಲಿ ಗೆಣಸು ಹಬ್ಬಕ್ಕೆ ಮಾತ್ರ ಉಳಿದದ್ದು ಅದೇ ನಾಚಿಕೆಯಿಂದ ಅಂತ ನನಗನಿಸುತ್ತದೆ.

2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿದ್ದು ಯಾರಿಗೆ ಗೊತ್ತಾ? ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ, ಹೋವರ್ತ್ ಬೂಯಿಸ್ ಅನ್ನುವ ನಾಲ್ವರಿಗೆ. ಮೊದಲ ಮೂವರು ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದವರು. ಆಫ್ರಿಕಾದ ಮೊಜಾಂಬಿಕ್, ಉಗಾಂಡಾ ಕಡೆಯ ಜನ ತಿನ್ನುತ್ತಿದ್ದದ್ದೂ ನಮ್ಮ ಹಾಗೇ ಬಿಳಿ ಗೆಣಸು. ಮಕ್ಕಳಲ್ಲಿ ವಿಟಮಿನ್ ಎ ಕೊರತೆ ವಿಪರೀತ ಇತ್ತು. ಇವರು ಅಲ್ಲಿಯ ಮಣ್ಣಿಗೆ, ಅಲ್ಲಿಯ ಬಾಯಿಗೆ ಒಗ್ಗುವ ಕೇಸರಿ ತಳಿ ಬೆಳೆಸಿ, ಊರೂರಿಗೆ ಬಳ್ಳಿ ಹಂಚಿದರು. ಮಾತ್ರೆ ಬದಲು ಗೆಣಸು. ಇದನ್ನು ಓದಿದ ದಿನ ನನ್ನ ಚಡ್ಡಿ ಜೇಬು ನೆನಪಾಗಿ ಕಣ್ಣು ಒದ್ದೆಯಾಯಿತು.

ಮೈಸೂರು ಕೈತೋಟ

ಮೇಷ್ಟ್ರೇ, ನಮಸ್ಕಾರ. ನಮ್ಮ ದೇಶದಲ್ಲೂ ಅಂಥ ತಳಿ ಇದೆ. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಿಂದ ಕೇಂದ್ರ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅವರು 2017ರಲ್ಲಿ ಎರಡು ತಳಿ ಬಿಟ್ಟರು. ಭೂಸೋನಾ ಒಳಗೆ ಕೇಸರಿ, 100 ಗ್ರಾಂಗೆ 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್. ಭೂಕೃಷ್ಣ ಒಳಗೆ ಕಡು ನೇರಳೆ, ನೇರಳೆಹಣ್ಣಿಗೆ ಆ ಬಣ್ಣ ಕೊಡುವ ಆಂಥೋಸಯನಿನ್ 90 ಮಿಲಿಗ್ರಾಂ. ಶಿಫಾರಸು ಮಾಡಿದ್ದು ಒಡಿಶಾಕ್ಕೆ. ಆದರೂ ಒಂದು ಕುಂಡದಲ್ಲಿ ಹಾಕಿ ನೋಡುವ ಆಸೆ ನನಗೆ. ಯಾರ ಹತ್ತಿರವಾದರೂ ಬಳ್ಳಿ ಇದೆಯಾ?

ಕೋಲಾರದಿಂದ ಒಬ್ಬ ಮಗ

ಎಲ್ಲರೂ ಒಳ್ಳೆಯದು ಒಳ್ಳೆಯದು ಅನ್ನುವಾಗ ನಮ್ಮ ಮನೆಯಲ್ಲಿ ಆದದ್ದನ್ನೂ ಹೇಳಬೇಕು. ಅಪ್ಪನಿಗೆ ಶುಗರ್ ಜೊತೆ ಕಿಡ್ನಿ ತೊಂದರೆಯೂ ಇದೆ. ಗೆಣಸು ಶುಗರ್‌ಗೆ ಒಳ್ಳೆಯದು ಅಂತ ಎಲ್ಲೋ ಓದಿ ದಿನಾ ಎರಡು ಹೊತ್ತು ಕೊಟ್ಟೆ. ಮುಂದಿನ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಮೇಲೆ ಹೋಗಿತ್ತು. ಡಾಕ್ಟರು ಬೈದರು. ಬೈಸಿಕೊಂಡದ್ದಕ್ಕಿಂತ, ನನ್ನ ಕೈಯಾರೆ ಕೊಟ್ಟೆನಲ್ಲ ಅನ್ನುವ ಸಂಕಟ ಜಾಸ್ತಿ. ಕಿಡ್ನಿ ರಿಪೋರ್ಟ್ ನೋಡದೆ ಯಾರೂ ಇದನ್ನು ದಿನಾ ಶುರು ಮಾಡಬೇಡಿ.

ಪಥ್ಯದ ಬುತ್ತಿ

ಇದನ್ನು ನಾನೇ ಮೊದಲು ಬರೆಯಬೇಕಿತ್ತು, ಬಿಟ್ಟುಹೋಯಿತು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಗೆಣಸು ತಿನ್ನಬಾರದು. ಅವರು ಸ್ವಲ್ಪ ತಿನ್ನಬಹುದು ಅಂದರೆ ಮೊದಲು ಹೇಳಿದ ರೀತಿಯನ್ನು ತಿರುಗಿಸಿ. ಸಿಪ್ಪೆ ತೆಗೆದು, ಸಣ್ಣ ತುಂಡು ಮಾಡಿ, ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಬೇಕು. ಪೊಟ್ಯಾಸಿಯಂ ಒಂದಷ್ಟು ನೀರಿನ ಜೊತೆ ಹೋಗುತ್ತದೆ. ಆಕ್ಸಲೇಟ್ ಕಲ್ಲು ಪದೇ ಪದೇ ಬರುವವರಿಗೂ ಮಿತಿ ಬೇಕು, ಗೆಣಸಿನಲ್ಲಿ ಆಕ್ಸಲೇಟ್ ಇದೆ.

ತಮ್ಮಾ, ನೀವು ಪ್ರೀತಿಯಿಂದ ಕೊಟ್ಟದ್ದು. ಹೇಳಿದ್ದರಿಂದ ಇನ್ನೊಬ್ಬರ ಅಪ್ಪನಿಗೆ ಉಪಕಾರ ಆಯಿತು.

ಮಂಡ್ಯದ ಸೊಸೆ

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕೋಲಾರದ ಅಣ್ಣನ ಮಾತು ಓದಿ ಮೊದಲು ಮಾವನ ಹಳೆಯ ರಿಪೋರ್ಟ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆ. ಕಿಡ್ನಿ ಚೆನ್ನಾಗಿದೆ, ಅಳತೆ ಇಟ್ಟು ಕೊಡಿ, ಎರಡು ಗಂಟೆ ಬಿಟ್ಟು ಶುಗರ್ ನೋಡಿ ಅಂದರು.

ಮೊದಲ ದಿನ ಒಂದು ತಪ್ಪು ಮಾಡಿದೆ. ಮಧ್ಯಾಹ್ನ ಎಂದಿನ ಹಾಗೆ ಮುದ್ದೆ, ಸಾರು, ಅನ್ನ ಬಡಿಸಿ, ಮೇಲೆ ಒಂದು ಗೆಣಸು ಕೊಟ್ಟೆ. ಎರಡು ಗಂಟೆ ಆದ ಮೇಲೆ ಮೀಟರಿನಲ್ಲಿ 236. ಮಾವನೇ ಬುಟ್ಟಿ ಎತ್ತಿ ಅಟ್ಟದ ಮೇಲಿಟ್ಟರು. ಅವರ ಮುಖ ನೋಡಲಾಗಲಿಲ್ಲ.

ಮೂರು ದಿನ ಬಿಟ್ಟು ಇನ್ನೊಂದು ಸಲ ನೋಡೋಣ ಅಂದೆ. ಈ ಸಲ ಮುದ್ದೆ ಇಲ್ಲ, ಅನ್ನ ಇಲ್ಲ. ತಕ್ಕಡಿಯಲ್ಲಿ ತೂಗಿ 150 ಗ್ರಾಂ ಬೆಂದ ಗೆಣಸು, ಒಂದು ಬಟ್ಟಲು ಹುರುಳಿಕಾಳಿನ ಬಸ್ಸಾರಿನ ಪಲ್ಯ, ಮಜ್ಜಿಗೆ. ಎರಡು ಗಂಟೆಗೆ 171. ಮರುವಾರ ಮತ್ತೆ ಹಾಗೇ ಮಾಡಿದೆ, 165. ಅವರ ಮುದ್ದೆ ಊಟದ ದಿನಗಳಲ್ಲಿ 180ರ ಆಸುಪಾಸು ಇರುತ್ತದೆ. ಬದಲಿಗೆ ಕೊಟ್ಟರೆ ಸರಿ, ಜೊತೆಗೆ ಕೊಟ್ಟರೆ ಕಷ್ಟ. ನಾನು ಇಷ್ಟು ದಿನ ಗೆಣಸನ್ನು ಹಣ್ಣಿನ ಥರ, ಊಟ ಆದ ಮೇಲೆ ತಿನ್ನುವ ತಿಂಡಿ ಅಂದುಕೊಂಡಿದ್ದೆ. ಅದೇ ಒಂದು ಊಟ ಅಂತ ಗೊತ್ತಿರಲಿಲ್ಲ.

ಪಥ್ಯದ ಬುತ್ತಿ

ನಿಮ್ಮ ಪೋಸ್ಟ್ ಓದಿ ಖುಷಿ ಆಯಿತು. ಎರಡು-ಮೂರು ಸಲದ ಅಂಕಿ ನಿಮ್ಮ ಮಾವನವರದ್ದು ಮಾತ್ರ, ಬೇರೆಯವರು ಇದನ್ನೇ ತಮಗೂ ಅಂದುಕೊಳ್ಳಬೇಡಿ. ಆದರೆ ತೂಗಿ ಕೊಟ್ಟದ್ದು, ಹುರುಳಿಕಾಳು ಸೇರಿಸಿದ್ದು, ಮೀಟರ್ ಇಟ್ಟು ನೋಡಿದ್ದು, ಇದೇ ಸರಿಯಾದ ದಾರಿ. ಗೆಣಸಿನಲ್ಲಿ ಇಲ್ಲದ ಪ್ರೋಟೀನನ್ನು ಹುರುಳಿ ತುಂಬಿತು. ವಾರಕ್ಕೆ ಎರಡು-ಮೂರು ದಿನ ಹೀಗೇ ಕೊಡಿ. ಇನ್ಸುಲಿನ್ ತಗೊಳ್ಳುವವರು ಊಟ ಬದಲಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ದಾವಣಗೆರೆ ಕಸರತ್ತು

ಅಕ್ಕಾ, ಹುರುಳಿಕಾಳಿನ ಉಪಾಯ ನಾನೂ ಶುರು ಮಾಡಿದೆ. ಶನಿವಾರ ಮೊಟ್ಟೆ ತಿನ್ನುವುದಿಲ್ಲ, ಅವತ್ತು ಏನು ಮಾಡಲಿ ಅಂತ ಯೋಚನೆ ಇತ್ತು.

ಖಾನಾಪುರದ ಹೊಲ

ಮೈಸೂರಿನವರು ಬಳ್ಳಿ ಕೇಳಿದ್ದರು. ಪರಿಚಯದವರಿಂದ ತಂದ ಕೇಸರಿ ತಳಿ ನನ್ನ ಹತ್ತಿರ ಅರ್ಧ ಗುಂಟೆಯಲ್ಲಿದೆ. ಮನೆ ಮಕ್ಕಳಿಗೆ ಅಂತ ಹಾಕಿದ್ದು. ಪೇಟೆಯಲ್ಲಿ ಅದಕ್ಕೆ ಗಿರಾಕಿ ಇಲ್ಲ, ಬಿಳಿ ತಿರುಳೇ ಬೇಕು ಅನ್ನುತ್ತಾರೆ. ಈಗ ಬಿಸಿಲು ಏರುತ್ತಿದೆ, ಕಳಿಸಿದರೆ ದಾರಿಯಲ್ಲೇ ಬಾಡುತ್ತದೆ. ಜೂನ್ ಮಳೆ ಹಿಡಿದ ಮೇಲೆ ಬಳ್ಳಿಯ ತುದಿ ಕಡೆಯಿಂದ ಒಂದು ಗೇಣು ಉದ್ದದ ತುಂಡು ಮಾಡಿ, ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕುತ್ತೇನೆ. ದುಡ್ಡು ಬೇಡ. ಏರಿ ಮಾಡಿ, ಏರಿಯ ಮೇಲೆ ಎರಡು-ಮೂರು ಗಿಣ್ಣು ಮಣ್ಣಿಗೆ ಹೋಗುವಂತೆ ಓರೆಯಾಗಿ ನೆಡಿ. ನೀರು ನಿಲ್ಲಬಾರದು. ಗೊಬ್ಬರ ಜಾಸ್ತಿ ಹಾಕಿದರೆ ಬಳ್ಳಿ ಹಬ್ಬುತ್ತದೆ, ಗಡ್ಡೆ ಇಳಿಯುವುದಿಲ್ಲ. ಮೂರೂವರೆ-ನಾಲ್ಕು ತಿಂಗಳಿಗೆ ಕೀಳಬಹುದು.

ಮೈಸೂರು ಕೈತೋಟ

ಅಣ್ಣಾ, ದೊಡ್ಡ ಉಪಕಾರ. ಬಸ್ಸಿನ ಖರ್ಚಾದರೂ ನಾನು ಕೊಡುತ್ತೇನೆ.

ಮಂಡ್ಯದ ಸೊಸೆ

ಖಾನಾಪುರದ ಅಣ್ಣಾ, ನನಗೂ ಹತ್ತು ಬಳ್ಳಿ ಇಟ್ಟಿರಿ. ಹಿತ್ತಲಲ್ಲಿ ತೆಂಗಿನ ಮರ ದಾಟಿದ ಮೇಲೆ ಬಿಸಿಲು ಬೀಳುವ ಜಾಗ ಇದೆ. ನೀವು ಬರೆದದ್ದನ್ನು ಮಾವನಿಗೆ ಓದಿ ಹೇಳಿದೆ. ಜೂನ್ ಇನ್ನೂ ದೂರ ಇದೆ ಅಂದರೂ ಕೇಳದೆ, ಸಂಜೆಯೇ ಗುದ್ದಲಿ ಹಿಡಿದು ಒಂದು ಏರಿ ಹಾಕಿಬಿಟ್ಟಿದ್ದಾರೆ.